ಇಬ್ಬರಿಗೆ ಸಾಕಾಗುವಷ್ಟು ಬಿಸಿ ಹಣ್ಣಿನ ಸಿಹಿ: ಮಾಡಿ ನೋಡಿದವರು ಹೇಳಿ

ಮೂರನೇ ಮಹಡಿ:
ಮಗಳು ಹಾಸ್ಟೆಲ್‌ಗೆ ಹೋದ ಮೇಲೆ ಮನೆಯಲ್ಲಿ ನಾವಿಬ್ಬರೇ. ಈ ಮಳೆಗೆ ರಾತ್ರಿ ಊಟ ಆದ ಮೇಲೆ ಬಿಸಿಯಾಗಿ ಒಂದಿಷ್ಟು ಸಿಹಿ ಬೇಕು ಅನ್ನಿಸುತ್ತದೆ. ಹಣ್ಣಿನದಾಗಬೇಕು, ಕಾಲು ಗಂಟೆಯಲ್ಲಿ ಆಗಬೇಕು, ನಾಳೆಗೆ ಉಳಿಯಬಾರದು. ಓವನ್ ಇಲ್ಲ, ಇಂಡಕ್ಷನ್ ಒಲೆ ಇದೆ. ಮನೆಯಲ್ಲಿ ಐದು ಯಾಲಕ್ಕಿ ಬಾಳೆಹಣ್ಣು ಇವೆ, ಸಿಪ್ಪೆ ಕಪ್ಪಾಗುತ್ತಾ ಬಂದಿದೆ. ಅನುಭವ ಇದ್ದವರು ಅಳತೆ ಸಮೇತ ಹೇಳಿ.

ಹಳೇ ಬಾಣಲೆ:
ಅನಾನಸ್ ಕೇಸರಿಬಾತ್ ಮಾಡಿ, ಬೇರೆ ಯೋಚನೆಯೇ ಬೇಡ. ನಾನು ಇದನ್ನು ಕಲಿಯಲು ಎಷ್ಟು ದುಡ್ಡು ಸುಟ್ಟಿದ್ದೇನೆ ಅಂತ ಕೇಳಿ. ಮೊದಲ ಸಲ 80 ರೂಪಾಯಿ ಕೊಟ್ಟು ಒಂದು ಅನಾನಸ್ ತಂದೆ. ಹೆಚ್ಚಿಸಿಕೊಳ್ಳಲು ಅಂಗಡಿಯವನಿಗೆ ಮತ್ತೆ 10. ಗೋಡಂಬಿ 60 ರೂಪಾಯಿದು. ಕೇಸರಿ ಅಂತೂ ಲೆಕ್ಕಕ್ಕೆ ಹಿಡಿಯಲಿಲ್ಲ, ನಾದಿನಿ ಕೊಟ್ಟಿದ್ದು. ರುಚಿ ಜಾಸ್ತಿ ಆಗಲಿ ಅಂತ ನೀರಿನ ಬದಲು ಅರ್ಧ ಲೀಟರ್ ಹಾಲು ಕಾಯಿಸಿ, ಅದಕ್ಕೆ ಹಸಿ ಅನಾನಸ್ ಚೂರು ಹಾಕಿದೆ. ಒಡೆದು ಚೂರುಚೂರು! ಬಾಯಿಗಿಟ್ಟರೆ ಕಹಿ. ಯಜಮಾನರು ಒಂದು ಚಮಚ ತಿಂದು "ಚೆನ್ನಾಗಿದೆ, ಹೊಟ್ಟೆ ತುಂಬಿದೆ" ಅಂದರು. ಇಪ್ಪತ್ತಾರು ವರ್ಷ ಸಂಸಾರ ಮಾಡಿದವಳಿಗೆ ಅದರ ಅರ್ಥ ಗೊತ್ತಾಗುವುದಿಲ್ಲವೇ?

ಆಮೇಲೆ ನನ್ನ ತಂಗಿ ಹೇಳಿದಳು. ಹಸಿ ಅನಾನಸ್‌ನಲ್ಲಿ ಬ್ರೊಮೆಲಿನ್ ಅಂತ ಒಂದು ಕಿಣ್ವ ಇರುತ್ತದಂತೆ. ಅದು ಹಾಲನ್ನು ಒಡೆಯುತ್ತದೆ, ಕಹಿಯನ್ನೂ ಮಾಡುತ್ತದೆ. ಕಾವು ತಗುಲಿದರೆ ಅದರ ಆಟ ಮುಗಿಯಿತು. ಈಗ ಹಣ್ಣನ್ನು ಮೊದಲು ಸಕ್ಕರೆ ಜೊತೆ ಐದಾರು ನಿಮಿಷ ಚೆನ್ನಾಗಿ ಬೇಯಿಸುತ್ತೇನೆ. ಹಾಲಿನ ಸುದ್ದಿಗೇ ಹೋಗುವುದಿಲ್ಲ. ಅಳತೆ: ಚಿರೋಟಿ ರವೆ ಕಾಲು ಲೋಟ, ಹಣ್ಣು ಅರ್ಧ ಲೋಟ, ಸಕ್ಕರೆ ಕಾಲು ಲೋಟಕ್ಕೆ ಒಂದು ಚಮಚ ಕಡಿಮೆ, ತುಪ್ಪ ಮೂರು ಚಮಚ, ನೀರು ಮುಕ್ಕಾಲು ಲೋಟ. ಹತ್ತು ಜನಕ್ಕೆ ಮಾಡುವಾಗ ಒಂದಕ್ಕೆ ಎರಡೂವರೆ ನೀರು ಸಾಕು. ಇಬ್ಬರಿಗೆ ಮಾಡುವಾಗ ಮೂರು ಬೇಕು, ಚೂರು ರವೆಗೆ ಅಗಲದ ಬಾಣಲೆ ಇಟ್ಟರೆ ಅರ್ಧ ನೀರು ಹಬೆಯಾಗಿಯೇ ಹೋಗುತ್ತದೆ. ಇದನ್ನು ತಿಳಿಯಲು ನಾನು ಮೂರು ಸಲ ಕಲ್ಲು ತಿಂದೆ.

ಬಂದರಿನ ಕಡೆಯವ:
ಎರಡು ಜನಕ್ಕೆ ರವೆ ಯಾಕೆ ಮಾರಾಯ್ರೆ? ಅದು ಮದುವೆಮನೆಯ ಹಳದಿ ಅಂಟು. ನೇಂದ್ರ ಬಾಳೆಹಣ್ಣು ಒಂದು, ತುಪ್ಪ ಎರಡು ಚಮಚ, ಬೆಲ್ಲ ಒಂದು ಚಮಚ, ತೆಂಗಿನತುರಿ ಒಂದು ಹಿಡಿ. ಹಣ್ಣನ್ನು ಓರೆಯಾಗಿ ಬಿಲ್ಲೆ ಮಾಡಿ ತುಪ್ಪದಲ್ಲಿ ಎರಡೂ ಕಡೆ ಕೆಂಪಗೆ ಹುರಿಯಬೇಕು. ಬೆಲ್ಲ ಉದುರಿಸಿ, ಅದು ಕರಗಿ ಅಂಟಿಕೊಂಡ ಕೂಡಲೇ ಇಳಿಸಬೇಕು. ಆರು ನಿಮಿಷ, ನಾನು ಗಡಿಯಾರ ನೋಡಿದ್ದೇನೆ.

ಆದರೆ ಹಣ್ಣು ಹಣ್ಣಾಗಿರಬೇಕು, ಅದೇ ದೊಡ್ಡ ಕತೆ. ನಾನು ಬೆಂಗಳೂರಿಗೆ ಬಂದ ವರ್ಷ ಕೆಜಿಗೆ 80ರಂತೆ ಒಂದು ಕೆಜಿ ಇನ್ನೂರು ಗ್ರಾಂ ತಂದೆ, 96 ರೂಪಾಯಿ. ಹಳದಿ ಬಣ್ಣ ನೋಡಿ ಅದೇ ದಿನ ಹುರಿದೆ. ಒಳಗೆ ಬೆಂಡು, ಬಾಯೆಲ್ಲ ಒಗರು. ಉಳಿದದ್ದನ್ನು ಪೇಪರಿನಲ್ಲಿ ಸುತ್ತಿ ಅಕ್ಕಿ ಡಬ್ಬದಲ್ಲಿ ಇಟ್ಟೆ. ಐದನೇ ದಿನ ಸಿಪ್ಪೆ ಕಪ್ಪಾಯಿತು, ನನಗೆ ಖುಷಿ. ಸಂಜೆ ಆಫೀಸಿನಿಂದ ಬಂದು ನೋಡಿದರೆ ಹಣ್ಣು ಕೊಳೆತಿದೆ ಅಂತ ಹೆಂಡತಿ ಕಸದವರಿಗೆ ಕೊಟ್ಟು ಕಳಿಸಿದ್ದಾಳೆ. ಅವಳು ತುಮಕೂರಿನ ಕಡೆಯವಳು, ನೇಂದ್ರ ಅಂದರೆ ಚಿಪ್ಸ್ ಮಾತ್ರ ಗೊತ್ತು. ಎರಡು ದಿನ ಮಾತಿಲ್ಲ. ಯಾಲಕ್ಕಿ ಬಾಳೆಯನ್ನು ಹೀಗೆ ಹುರಿಯಲು ಹೋಗಬೇಡಿ, ಬಾಣಲೆಗೆ ಬಿದ್ದ ಕೂಡಲೇ ಗೊಜ್ಜು.

ಹಳೇ ಬಾಣಲೆ:
ಹಳದಿ ಅಂಟು ಅಂದವರೇ, ನಾನು ಬಣ್ಣದ ಪುಡಿ ಹಾಕುವುದೇ ಇಲ್ಲ. ಮೇಲೆ ಬರೆದದ್ದನ್ನು ಓದಿ ಮಾತಾಡಿ. ಹಣ್ಣು ಕಪ್ಪಾಗಲಿ ಅಂತ ಐದು ದಿನ ಕಾಯುವುದು ಯಾವ ಸೀಮೆಯ ಆರು ನಿಮಿಷ?

ಲೆಸ್ಟರ್ ಸೊಸೆ:
ನಿಮಗೆಲ್ಲ ಬಾಳೆಹಣ್ಣಿನಲ್ಲೇ ಹತ್ತು ಬಗೆ. ನಾನಿರುವ ಇಂಗ್ಲೆಂಡಿನಲ್ಲಿ ಸಿಗುವುದು ಬಹುತೇಕ ಪಚ್ಚಬಾಳೆಯಂಥದ್ದೊಂದೇ. ಹಾಗಾಗಿ ನನ್ನದು ಸೇಬು. ಬಂದ ಹೊಸದರಲ್ಲಿ ಅಡುಗೆಯ ಸೇಬು ಅಂತ ಬ್ರ್ಯಾಮ್ಲಿ ತಂದೆ. ದೊಡ್ಡದು, ಹಸಿರು, ಹಲ್ಲು ಜುಂ ಅನ್ನುವಷ್ಟು ಹುಳಿ. ಹೋಳು ಮಾಡಿ ಬೆಣ್ಣೆಯಲ್ಲಿ ಬೇಯಿಸಿದರೆ ಹೋಳು ಅನ್ನುವುದೇ ಉಳಿಯಲಿಲ್ಲ, ಕರಗಿ ಗಂಜಿ. ಆ ಹಣ್ಣಿನ ಗುಣವೇ ಅದು ಅಂತ ಆಮೇಲೆ ಗೊತ್ತಾಯಿತು. ವಿಡಿಯೊ ಕರೆಯಲ್ಲಿ ಅತ್ತೆ ನೋಡಿ "ಯಾರಿಗಮ್ಮ ಜ್ವರ?" ಅಂದರು. ಅದು ನನಗೆ ಈಗಲೂ ಚುಚ್ಚುತ್ತದೆ.

ಆಮೇಲೆ ಕ್ರಂಬಲ್ ಮಾಡಲು ಹೋದೆ, ಹಣ್ಣಿನ ಮೇಲೆ ಬೆಣ್ಣೆ ಬೆರೆಸಿದ ಹಿಟ್ಟು ಉದುರಿಸಿ ಓವನ್‌ನಲ್ಲಿ ಬೇಯಿಸುವ ಸಿಹಿ ಅದು. ಎರಡು ಬಟ್ಟಲಿಗಾಗಿ ಓವನ್ 180 ಡಿಗ್ರಿಗೆ ಬಿಸಿ ಮಾಡಿ, 35 ನಿಮಿಷ ಕಾಯಬೇಕು. ನಮ್ಮ ಅಡುಗೆಮನೆಯಲ್ಲೇ ವಿದ್ಯುತ್ ಮೀಟರಿನ ಪುಟ್ಟ ಪರದೆ ಇದೆ. ಓವನ್ ಹಾಕಿದ ತಕ್ಷಣ ಅದು ಕೆಂಪಾಗುತ್ತದೆ. ನಮ್ಮವರು ಸಿಹಿ ನೋಡುವ ಬದಲು ಅದನ್ನೇ ನೋಡುತ್ತಾ ನಿಂತಿದ್ದರು.

ಈಗ ಬ್ರೇಬರ್ನ್ ಸೇಬು ಎರಡು, ಸಿಪ್ಪೆ ಸಮೇತ ದಪ್ಪ ಹೋಳು. ಬೆಣ್ಣೆ ಒಂದೂವರೆ ಚಮಚ, ಸಕ್ಕರೆ ಎರಡು ಚಮಚ, ಚಕ್ಕೆ ಪುಡಿ ಚಿಟಿಕೆ, ಎಂಟು ನಿಮಿಷ. ಇನ್ನೊಂದು ಪುಟ್ಟ ಬಾಣಲೆಯಲ್ಲಿ ನಾಲ್ಕು ಚಮಚ ಓಟ್ಸ್ ಬೆಣ್ಣೆಯಲ್ಲಿ ಗರಿಗರಿ ಹುರಿದು ಮೇಲೆ ಉದುರಿಸುತ್ತೇನೆ. ಓವನ್ ಬೇಡ, ಹೋಳು ಹೋಳಾಗಿಯೇ ಉಳಿಯುತ್ತದೆ. ಅತ್ತೆಗೆ ಫೋಟೊ ಕಳಿಸಿದೆ, ಹೆಬ್ಬೆಟ್ಟು ತೋರಿಸಿ ಸುಮ್ಮನಾದರು.

ಬೆಲ್ಲದಚ್ಚು:
ಎಲ್ಲರೂ ಸಕ್ಕರೆ ಸಕ್ಕರೆ ಅನ್ನುತ್ತಿದ್ದೀರಲ್ಲ, ಬೆಲ್ಲ ಯಾಕೆ ಹಾಕಬಾರದು? ನಾನು ಬಾಳೆಹಣ್ಣಿನ ಪಾಯಸ ಬೆಲ್ಲದಲ್ಲೇ ಮಾಡುವುದು. ಒಮ್ಮೆ ಬೆಲ್ಲ ಕುದಿಯುವಾಗಲೇ ಹಾಲು ಸುರಿದು ಒಡೆದು ಹೋಯಿತು, ಅರ್ಧ ಲೀಟರ್ ಹಾಲು, ಕಾಲು ಕೆಜಿ ಬೆಲ್ಲ, ಏಲಕ್ಕಿ ಎಲ್ಲ ಹಾಳು. ಅವತ್ತಿನಿಂದ ತೆಂಗಿನಕಾಯಿ ಹಾಲು, ಅದೂ ಒಲೆ ಆರಿಸಿದ ಮೇಲೆ. ಬೆಲ್ಲದ್ದಾದರೆ ಶುಗರ್ ಇದ್ದವರೂ ಧಾರಾಳವಾಗಿ ತಿನ್ನಬಹುದು.

ಹನ್ನೊಂದು ವರ್ಷದ ಶುಗರ್:
ಯಾವ ಡಾಕ್ಟರು ಹೇಳಿದರು ಸ್ವಾಮಿ? ಬೆಲ್ಲವೂ ಸಕ್ಕರೆಯೇ, ಬಣ್ಣ ಬೇರೆ. ಇದೇ ಮಾತು ನಂಬಿ ಒಂದು ದೀಪಾವಳಿಯಲ್ಲಿ ನಾಲ್ಕು ದಿನ ಬೆಲ್ಲದ ಪಾಯಸ ಕುಡಿದೆ. ಐದನೇ ದಿನ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ 262. ಮಾತ್ರೆ ಒಂದಿದ್ದದ್ದು ಎರಡಾಯಿತು, ತಿಂಗಳಿಗೆ 410 ರೂಪಾಯಿ ಜಾಸ್ತಿ. ಬರೆಯುವ ಮುಂಚೆ ಯೋಚಿಸಿ.

ಬೆಲ್ಲದಚ್ಚು:
ನಾಲ್ಕು ದಿನ ಕುಡಿಯಿರಿ ಅಂತ ನಾನು ಹೇಳಿದೆನಾ? ನಮ್ಮ ಅಜ್ಜ ತೊಂಬತ್ತರವರೆಗೂ ಬೆಲ್ಲ ತಿಂದರು.

ಹನ್ನೊಂದು ವರ್ಷದ ಶುಗರ್:
ನಿಮ್ಮ ಅಜ್ಜ ದಿನಕ್ಕೆ ಎಷ್ಟು ಮೈಲಿ ನಡೆಯುತ್ತಿದ್ದರು, ಅದನ್ನೂ ಬರೆಯಿರಿ.

ಧಾರವಾಡ ಪೇಟೆ:
ಕೇಳಿದವರ ಹತ್ತಿರ ಇರುವುದು ಯಾಲಕ್ಕಿ ಬಾಳೆಹಣ್ಣು. ಒಬ್ಬರು ಅನಾನಸ್, ಒಬ್ಬರು ನೇಂದ್ರ, ಒಬ್ಬರು ಇಂಗ್ಲೆಂಡಿನ ಸೇಬು! ರೀ, ಸತ್ಯನಾರಾಯಣ ಪೂಜೆಯ ಸಪಾದ ಯಾರೂ ತಿಂದಿಲ್ಲವೇ? ಸಪಾದ ಅಂದರೆ ಕಾಲು ಸೇರಿದ್ದು, ಅಂದರೆ ಒಂದೂಕಾಲು. ರವೆ, ಸಕ್ಕರೆ, ತುಪ್ಪ, ಹಾಲು, ಬಾಳೆಹಣ್ಣು ಎಲ್ಲವೂ ಒಂದೂಕಾಲು ಅಳತೆ. ನಮ್ಮ ಅವ್ವ ಪೂಜೆಗೆ ಒಂದೂಕಾಲು ಪಾವಿನಲ್ಲಿ ಮಾಡುತ್ತಿದ್ದಳು, ಇಡೀ ಓಣಿಗೆ ಸಾಕಾಗುತ್ತಿತ್ತು. ನೀವು ಪಾವಿನ ಬದಲು ಪುಟ್ಟ ಕಾಫಿ ಬಟ್ಟಲು ಹಿಡಿಯಿರಿ, ಒಂದೂಕಾಲು ಬೇಡ, ಅರ್ಧ ಸಾಕು. ಪೂಜೆ ಇಲ್ಲ, ತುಪ್ಪ ಕಡಿಮೆ ಹಾಕಿದರೆ ದೇವರು ಸಿಟ್ಟಾಗುವುದಿಲ್ಲ. ಹಣ್ಣನ್ನು ತುಪ್ಪದಲ್ಲಿ ಕೆಂಪಗೆ ಬಾಡಿಸಿ ಆಮೇಲೆ ರವೆ ಹಾಕಿ. ನಾನು ಮೊದಲು ಕೊನೆಯಲ್ಲಿ ಹಾಕುತ್ತಿದ್ದೆ, ಆರಿದ ಮೇಲೆ ಕಪ್ಪು ಕಪ್ಪು. ಈ ಶಿರಾಕ್ಕೆ ಮಿಂಚುವ ಹೆಸರು ಬೇಕಿಲ್ಲ.

ಹಳೇ ಬಾಣಲೆ:
ಅದು ಶಿರಾ ಅಲ್ಲ, ಸಜ್ಜಿಗೆ. ನಮ್ಮ ಮೈಸೂರು ಕಡೆ ಪೂಜೆಗೆ ಸಜ್ಜಿಗೆ ಅಂತಲೇ ಹೇಳುವುದು.

ಬಂದರಿನ ಕಡೆಯವ:
ಸಜ್ಜಿಗೆ ಅಂದರೆ ಉಪ್ಪಿಟ್ಟು. ಬೆಳಿಗ್ಗೆ ಹೋಟೆಲಿನಲ್ಲಿ ಸಜ್ಜಿಗೆ ಬಜಿಲ್, ಅಂದರೆ ಉಪ್ಪಿಟ್ಟು ಅವಲಕ್ಕಿ, ತಿನ್ನದವನು ಮಂಗಳೂರು ನೋಡಿದವನೇ ಅಲ್ಲ. ಸಿಹಿ ಸಜ್ಜಿಗೆ ಎಲ್ಲಿಂದ ಬಂತು?

ಧಾರವಾಡ ಪೇಟೆ:
ನಮ್ಮಲ್ಲಿ ಸಜ್ಜಕ ಅಂದರೆ ಗೋಧಿಯದ್ದು, ಬೆಲ್ಲದ್ದು. ಇಬ್ಬರೂ ಸುಮ್ನಿರಿ.

ಮೂರನೇ ಮಹಡಿ:
ನಿನ್ನೆ ರಾತ್ರಿ ಮಾಡಿದೆ. ಪುಟ್ಟ ಬಾಣಲೆಯ ತಳ ಸಣ್ಣದು, ಇಂಡಕ್ಷನ್ ಒಲೆ ಅದನ್ನು ಗುರುತಿಸದೆ ಕುಯ್ಯೋ ಅಂತು. ಕೊನೆಗೆ ದೋಸೆ ಕಾವಲಿಯ ಮೇಲೆಯೇ ಮಾಡಿದೆ. ಮೂರು ಬಾಳೆಹಣ್ಣು ಹಿಸುಕಿ ಎರಡು ಚಮಚ ತುಪ್ಪದಲ್ಲಿ ಬಾಡಿಸಿದೆ. ನಾಲ್ಕು ಚಮಚ ರವೆ ಹಾಕಿ ಹುರಿದು, ಕಾಯಿಸಿದ ಹಾಲು ಸ್ವಲ್ಪ ಸ್ವಲ್ಪವೇ ಬಿಟ್ಟೆ. ಹಣ್ಣು ಅಷ್ಟು ಕಳಿತಿದ್ದರಿಂದ ಸಕ್ಕರೆ ಒಂದೇ ಚಮಚ. ಹದಿಮೂರು ನಿಮಿಷ. ಅಂಚಿನಲ್ಲಿ ಸ್ವಲ್ಪ ಹಿಡಿಯಿತು, ಆ ಹಿಡಿದದ್ದಕ್ಕೇ ನಮ್ಮಿಬ್ಬರಿಗೆ ಜಗಳ. ಎರಡು ಹಣ್ಣು ಇನ್ನೂ ಇವೆ.

ಲೆಸ್ಟರ್ ಸೊಸೆ:
ಫೋಟೊ?

ಹಳೇ ಬಾಣಲೆ:
ಕಾವಲಿಯಲ್ಲಿ ಸಜ್ಜಿಗೆ ಮಾಡಿದವರನ್ನು ಇವತ್ತೇ ಕಂಡದ್ದು. ನಾಳೆ ದೋಸೆ ಏಳುವುದಿಲ್ಲ, ನೋಡುತ್ತಿರಿ.

ಬಂದರಿನ ಕಡೆಯವ:
ಸಜ್ಜಿಗೆ ಅಲ್ಲ ಅಂತ ಎಷ್ಟು ಸಲ ಹೇಳುವುದು.