ಸಾರಿನಲ್ಲಿ ಮಾತ್ರೆ ಬೆರೆಸಬೇಕೇ? – ಓದುಗರ ಸ್ಪಂದನ

ಕಳೆದ ಸಂಚಿಕೆಯಲ್ಲಿ ಡೊಂಬಿವಲಿಯ ಓದುಗರೊಬ್ಬರು ಬರೆದಿದ್ದರು: ನಮ್ಮ ಯಜಮಾನರು ಹೋಟೆಲಿನ ಗಲ್ಲಾದಲ್ಲಿ ಕೂರುವವರು. ರಾತ್ರಿ ಕ್ವಾರ್ಟರ್ ಇಲ್ಲದೆ ಊಟವಿಲ್ಲ, ಈಚೆಗೆ ಬೆಳಗಾದರೆ ಕೈ ನಡುಕ. ಅಣ್ಣ ತಂದುಕೊಟ್ಟ ಕುಡಿತ ಬಿಡಿಸುವ ಮಾತ್ರೆಯನ್ನು ಪುಡಿಮಾಡಿ ಸಾರಿಗೆ ಬೆರೆಸಲೇ, ಅಥವಾ ಚೌತಿಗೆ ಊರಿಗೆ ಕರೆದೊಯ್ದು ಕೋಣೆಯಲ್ಲಿ ಕೂಡಿಹಾಕಿ, ಬೀಗ ಹಾಕಿ ಬಿಡಿಸಲೇ ಎಂಬುದು ಅವರ ಪ್ರಶ್ನೆ. ಬಂದ ಪತ್ರಗಳಲ್ಲಿ ಕೆಲವು ಇಲ್ಲಿವೆ. ಮಾತ್ರೆಯ ಬಗ್ಗೆ ಬಲ್ಲವರದು ಮೊದಲು. – ಸಂ.

ಔಷಧ ಅಂಗಡಿಯವರು, ಮಾಟುಂಗಾ

ಮಾತ್ರೆಯ ಪಟ್ಟಿಯ ಹಿಂಬದಿ ಸಣ್ಣಕ್ಷರದಲ್ಲಿ ‘ಡೈಸಲ್ಫಿರಾಮ್ 250 ಮಿ.ಗ್ರಾಂ.’ ಎಂದಿದೆಯೇ ನೋಡಿ. ಕುಡಿದದ್ದು ಲಿವರ್‌ನಲ್ಲಿ ಮೊದಲು ಅಸಿಟಾಲ್ಡಿಹೈಡ್ ಎಂಬ ವಿಷವಾಗುತ್ತದೆ, ಆಮೇಲೆ ಕರಗುತ್ತದೆ. ಈ ಮಾತ್ರೆ ಆ ಎರಡನೇ ಹಂತದ ಕಿಣ್ವವನ್ನು ತಡೆಯುತ್ತದೆ. ವಿಷ ರಕ್ತದಲ್ಲೇ ಉಳಿಯುತ್ತದೆ. ಇದರ ಮೇಲೆ ಕುಡಿದರೆ ಸ್ವಲ್ಪ ಹೊತ್ತಿನಲ್ಲೇ ಮುಖ ಕೆಂಪಾಗಿ ತಲೆ ಸಿಡಿಯುತ್ತದೆ, ವಾಂತಿ, ಎದೆ ಡವಡವ, ಬಿ.ಪಿ. ಕುಸಿತ. ಹೃದಯದ ತೊಂದರೆ ಇದ್ದವರು ಉಳಿಯುವುದೂ ಕಷ್ಟ.

ಡಾಕ್ಟರು ಕೊಡುವಾಗ ಮೊದಲು ಲಿವರ್ ಪರೀಕ್ಷೆ ಮಾಡಿಸುತ್ತಾರೆ, ಕಡೇ ಪೆಗ್ಗಿನ ನಂತರ 12 ಗಂಟೆಯಾದರೂ ಬಿಟ್ಟು ಶುರುಮಾಡುತ್ತಾರೆ, ಎರಡು ವಾರಕ್ಕೆ ಮತ್ತೆ ಲಿವರ್ ನೋಡುತ್ತಾರೆ. ಭೇದಿಗೆ ಕೊಡುವ ಮೆಟ್ರೊನಿಡಜೋಲ್ ಜೊತೆಗೆ ಇದು ಕೂಡದು, ತಲೆ ಕೆಡುತ್ತದೆ. ಆಲ್ಕೊಹಾಲ್ ಇರುವ ಕೆಮ್ಮಿನ ಸಿರಪ್ಪೂ ಬೇಡ. ಮಾತ್ರೆ ನಿಲ್ಲಿಸಿದ ಮೇಲೂ ಎರಡು ವಾರದವರೆಗೆ ಅದರ ಪ್ರಭಾವ ಇರುತ್ತದೆ. ಇಷ್ಟನ್ನೂ ನೆನಪಿಟ್ಟು ನಡೆಯಬೇಕಾದವರು ಯಜಮಾನರು. ಅವರಿಗೇ ಗೊತ್ತಿಲ್ಲದಿದ್ದರೆ ಹೇಗೆ?

ಇನ್ನೊಂದು ಮಾತು. ಯಾವುದು ಅಸಲಿ ಮಾತ್ರೆ, ಯಾವುದು ಬರೀ ಹಿಟ್ಟು ಎಂದು ಯಾರಿಗೂ ತಿಳಿಸದೆ ನಡೆಸಿದ ಪ್ರಯೋಗಗಳಲ್ಲಿ ಡೈಸಲ್ಫಿರಾಮ್ ಹೆಚ್ಚೇನೂ ಮಾಡಲಿಲ್ಲ. ತಾನು ನುಂಗಿದ್ದು ಏನೆಂದು ರೋಗಿಗೆ ಗೊತ್ತಿದ್ದ ಪ್ರಯೋಗಗಳಲ್ಲೇ ಅದು ಗೆದ್ದದ್ದು. ‘ಕುಡಿದರೆ ಹೀಗಾಗುತ್ತದೆ’ ಎಂಬ ಹೆದರಿಕೆಯೇ ಅದರ ಅರ್ಧ ಮದ್ದು. ಕದ್ದು ಕೊಟ್ಟರೆ ಹೆದರಿಕೆ ಹೋಯಿತು, ಅಪಾಯ ಮಾತ್ರ ಉಳಿಯಿತು.

ಓದುಗರು, ಭಾಂಡುಪ್

ನಾಳೆ ಅವರಿಗೆ ಗೊತ್ತಾದರೆ ನಿಮ್ಮ ಕೈಯ ಊಟವನ್ನೇ ನಂಬುವುದಿಲ್ಲ. ಅಣ್ಣನಿಗೆ ಆ ಪಟ್ಟಿ ವಾಪಸ್ ಕೊಡಿ.

ಎರಡನೇ ಪ್ರಶ್ನೆಗೆ ಬಂದ ಪತ್ರಗಳಲ್ಲಿ ಇದು ಎಲ್ಲಕ್ಕಿಂತ ಉದ್ದ. ಕತ್ತರಿಸಲು ಮನಸ್ಸಾಗಲಿಲ್ಲ. – ಸಂ.

ನಿವೃತ್ತ ನರ್ಸ್, ಠಾಣೆ

ತಂಗೀ, ‘ಬೀಗ’ ಎಂಬ ಮಾತು ಓದಿದ ಮೇಲೆ ಸುಮ್ಮನಿರಲಾಗಲಿಲ್ಲ. ಯಾಕೆಂದು ಇಲ್ಲಿ ಬರೆಯಲಾರೆ. ಆದರೆ ಬೀಗ ಹಾಕಬೇಡ.

ಕ್ವಾರ್ಟರ್ ಅಂದರೆ 180 ಮಿ.ಲೀ. ವಿಸ್ಕಿಯೋ ರಮ್ಮೋ ಆದರೆ ಅದರಲ್ಲಿ ಸುಮಾರು 60 ಗ್ರಾಂ ಆಲ್ಕೊಹಾಲ್. ದಿನಾ ಅಷ್ಟು ಬೀಳುವ ಮಿದುಳು ಅದಕ್ಕೆ ತಕ್ಕಂತೆ ಬದಲಾಗಿರುತ್ತದೆ. ಆಲ್ಕೊಹಾಲ್ ಮಿದುಳಿಗೆ ಬ್ರೇಕ್ ಹಾಕುತ್ತದೆ, ಮಿದುಳು ಎದುರಾಗಿ ಆಕ್ಸಿಲರೇಟರ್ ಒತ್ತುತ್ತಾ ಹೋಗುತ್ತದೆ. ಒಮ್ಮೆಗೇ ಬ್ರೇಕ್ ತೆಗೆದರೆ ಗಾಡಿ ಹಿಡಿತಕ್ಕೆ ಸಿಗುವುದಿಲ್ಲ. ಬೆಳಗಿನ ಕೈನಡುಕ ಅದರ ಮೊದಲ ಗುರುತು.

ನಿಲ್ಲಿಸಿದ ಆರೆಂಟು ಗಂಟೆಗೆ ಬೆವರು, ನಡುಕ, ಓಕರಿಕೆ, ನಿದ್ದೆ ಇಲ್ಲ. 6ರಿಂದ 48 ಗಂಟೆಯೊಳಗೆ ಫಿಟ್ಸ್ ಬರಬಹುದು. ಮನೆಯವರು ‘ಮೂರ್ಛೆ ರೋಗ’ ಎಂದು ಕೈಗೆ ಕಬ್ಬಿಣ ಕೊಡುತ್ತಾರೆ. 48ರಿಂದ 96 ಗಂಟೆಯ ನಡುವೆ ಕೆಲವರಿಗೆ ಡೆಲಿರಿಯಂ: ಗೋಡೆಯ ಮೇಲೆ ಹುಳು ಹರಿದ ಹಾಗೆ ಕಾಣುವುದು, ಹಾಸಿಗೆಯಲ್ಲಿ ಇಲ್ಲದ್ದನ್ನು ಹೆಕ್ಕುವುದು, ಊರು ಯಾವುದು ಹೊತ್ತು ಯಾವುದು ತಿಳಿಯದಿರುವುದು, ಜ್ವರ. ‘ಗಾಳಿ ಮೆಟ್ಟಿತು’ ಎಂದು ದರ್ಶನದ ಪಾತ್ರಿಯನ್ನು ಕರೆಸುವುದು ಆಗಲೇ. ಮದ್ದು ಸಿಗದಿದ್ದರೆ ಇದರಲ್ಲಿ ಸಾವೂ ಇದೆ. ಅದೂ ಮೂರನೇ ದಿನ, ‘ಇನ್ನು ಪರವಾಗಿಲ್ಲ’ ಎಂದು ಎಲ್ಲರೂ ಮಲಗಿದ ಮೇಲೆ.

ಆಸ್ಪತ್ರೆಯಲ್ಲಿ ಕ್ಲೋರ್‌ಡಯಾಜೆಪಾಕ್ಸೈಡ್ ಅಥವಾ ಡಯಾಜೆಪಾಮ್ ಕೊಟ್ಟು, ಐದರಿಂದ ಏಳು ದಿನದಲ್ಲಿ ಡೋಸ್ ಇಳಿಸುತ್ತಾ ನಿಲ್ಲಿಸುತ್ತಾರೆ. ಲಿವರ್ ಹಾಳಾಗಿದ್ದರೆ ಲೊರಾಜೆಪಾಮ್. ಈ ಮಾತ್ರೆಗಳನ್ನು ಮನೆಯಲ್ಲಿ ಅಂದಾಜಿಗೆ ಕೊಡುವಂತಿಲ್ಲ, ಕುಡಿದವರಿಗೆ ಕೊಟ್ಟರೆ ಉಸಿರೇ ನಿಲ್ಲಬಹುದು. ಜೊತೆಗೆ ಥಯಾಮಿನ್, ಅಂದರೆ ಬಿ1. ಇದನ್ನು ನೀನೇ ನೆನಪಿಟ್ಟುಕೊಂಡು ಕೇಳಬೇಕು. ಊರಿನ ಕ್ಲಿನಿಕ್ಕಿನಲ್ಲಿ ‘ನಿಶ್ಶಕ್ತಿ’ ಎಂದು ನೇರ ಗ್ಲೂಕೋಸ್ ಬಾಟಲಿ ಏರಿಸುತ್ತಾರೆ. ದೇಹದಲ್ಲಿದ್ದ ಚೂರುಪಾರು ಬಿ1 ಆ ಗ್ಲೂಕೋಸ್ ಕರಗಿಸಲು ಖರ್ಚಾದರೆ ಕಣ್ಣುಗುಡ್ಡೆ ಓಲಾಡಿ, ನಡಿಗೆ ತಪ್ಪಿ, ನೆನಪು ಕಾಯಂ ಆಗಿ ಹೋಗಬಹುದು. ‘ಬಿ1 ಇಂಜೆಕ್ಷನ್ ಆಯಿತಾ ಸರ್?’ ಎಂದು ಕೇಳಲು ನಾಚಬೇಡ.

ಈ ಹಿಂದೆ ಬಿಟ್ಟಾಗ ಫಿಟ್ಸ್ ಬಂದಿತ್ತೇ ಎಂಬುದನ್ನು ಡಾಕ್ಟರಿಗೆ ಹೇಳು. ಬಿಟ್ಟು ಹಿಡಿದು ಮಾಡಿದಷ್ಟೂ ಮುಂದಿನ ಸಲದ ನಡುಕ ಜೋರಾಗುತ್ತದೆ. ಚೌತಿಗೆ ಊರಿಗೆ ಹೋಗಿ, ಬೇಡವೆನ್ನುವುದಿಲ್ಲ. ಆದರೆ ಡಾಕ್ಟರನ್ನು ಕಂಡ ಮೇಲೆ.

ಗುಟ್ಟು, ಬೀಗ ಎರಡೂ ಬೇಡವಾದರೆ ಮತ್ತೇನು ಎಂದು ಕೇಳುವವರಿಗೆ: – ಸಂ.

ಮನಶ್ಶಾಸ್ತ್ರದ ಅಧ್ಯಾಪಕರು, ಪುಣೆ

ಅಮೆರಿಕದ ನ್ಯೂ ಮೆಕ್ಸಿಕೊ ವಿಶ್ವವಿದ್ಯಾಲಯದಲ್ಲಿ ಕುಡಿಯುವವರ ಬದಲು ಅವರ ಮನೆಯವರಿಗೆ ತರಬೇತಿ ಕೊಟ್ಟು ನೋಡಿದರು. ಕ್ರಾಫ್ಟ್ ಎಂದು ಆ ಪದ್ಧತಿಯ ಹೆಸರು. 1999ರಲ್ಲಿ ಪ್ರಕಟವಾದ ಹೋಲಿಕೆಯಲ್ಲಿ, ಹೀಗೆ ಕಲಿತವರ ಪೈಕಿ 64% ಮನೆಗಳಲ್ಲಿ ಕುಡಿಯುವವರು ಚಿಕಿತ್ಸೆಗೆ ಬಂದರು. ಎಲ್ಲರೂ ಸುತ್ತುವರಿದು ಎದುರುನಿಲ್ಲುವ ಪದ್ಧತಿಯಲ್ಲಿ ಬಂದದ್ದು 30%.

ಕಲಿಸಿದ್ದು ಸಣ್ಣ ಸಣ್ಣ ವಿಷಯ. ಕುಡಿದು ಬಂದ ರಾತ್ರಿ ವಾದ ಬೇಡ, ಬಡಿಸಿಟ್ಟು ಮಲಗಿ. ಕುಡಿಯದೆ ಬಂದ ದಿನ ಜೊತೆಗೆ ಕೂತು ಉಣ್ಣಿ, ಯಾಕೆ ಖುಷಿ ಎಂದು ಬಾಯಿಬಿಟ್ಟು ಹೇಳಿ. ‘ಹೊಟ್ಟೆನೋವು, ಇವತ್ತು ಬರಲ್ಲ’ ಎಂದು ಮಾಲೀಕರಿಗೆ ಅವರ ಪರವಾಗಿ ಫೋನ್ ಮಾಡಬೇಡಿ. ಡಾಕ್ಟರ ಒ.ಪಿ.ಡಿ. ವಾರ, ವೇಳೆ ಮೊದಲೇ ಕೇಳಿಟ್ಟುಕೊಳ್ಳಿ. ‘ನಡಿ, ತೋರಿಸೋಣ’ ಎನ್ನುವ ಮನಸ್ಸು ಬೆಳಗ್ಗೆ ಇದ್ದದ್ದು ಸಂಜೆ ಇರುವುದಿಲ್ಲ. ಹೊಡೆಯುವ ಮನುಷ್ಯನಾದರೆ ಇದೆಲ್ಲಕ್ಕೂ ಮೊದಲು ನಿಮ್ಮ ಸುರಕ್ಷೆ.

ಆರೋಗ್ಯ ಕಾರ್ಯಕರ್ತರು, ಮಡಗಾಂವ್

ಎಲ್ಲದಕ್ಕೂ ದೊಡ್ಡಾಸ್ಪತ್ರೆಯೇ ಆಗಬೇಕಿಲ್ಲ. ಗೋವೆಯಲ್ಲಿ ಸಂಗಾತ್ ಸಂಸ್ಥೆಯವರು 10 ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ 377 ಗಂಡಸರ ಮೇಲೆ ನಡೆಸಿದ ಅಧ್ಯಯನ ‘ಲ್ಯಾನ್ಸೆಟ್’ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಬಂದಿದೆ. ಕುಡಿತದ ಬಗ್ಗೆ ಕೂರಿಸಿ ಮಾತಾಡಿಸಿದ್ದು ಡಾಕ್ಟರುಗಳಲ್ಲ, ತರಬೇತಿ ಪಡೆದ ಸ್ಥಳೀಯರು, ಹೆಚ್ಚೆಂದರೆ ನಾಲ್ಕು ಸಲ. ಮೂರು ತಿಂಗಳಿಗೆ 36% ಮಂದಿ ಅಪಾಯದ ಮಟ್ಟದಿಂದ ಇಳಿದರು, ಮಾಮೂಲಿ ಆರೈಕೆಯಲ್ಲಿ 26%.

ಈ ಅಧ್ಯಯನ ಕುಡಿತಕ್ಕೆ ಪೂರ್ತಿ ಅಂಟಿಕೊಂಡವರನ್ನು ಸೇರಿಸಿಕೊಂಡಿರಲಿಲ್ಲ. ಬೆಳಗ್ಗೆ ಕೈ ನಡುಗುವವರು ಮೊದಲು ನರ್ಸಮ್ಮ ಹೇಳಿದ ದಾರಿ ಹಿಡಿಯಬೇಕು. – ಸಂ.

ಓದುಗರು, ಘಾಟ್ಕೋಪರ್

ಕುಡಿತ ಬಿಟ್ಟ ಮೇಲೆ ಆಸೆ ತಗ್ಗಿಸಲು ನಾಲ್ಟ್ರೆಕ್ಸೋನ್ 50 ಮಿ.ಗ್ರಾಂ., ಅಕಾಂಪ್ರೊಸೇಟ್ ಎಂಬ ಮದ್ದುಗಳಿವೆ. ಮೊದಲನೆಯದಕ್ಕೆ ಲಿವರ್, ಎರಡನೆಯದಕ್ಕೆ ಕಿಡ್ನಿ ಪರೀಕ್ಷೆ ಬೇಕು. ಡೈಸಲ್ಫಿರಾಮ್ ಒಂದೇ ದಾರಿ ಎಂದು ಯಾರು ಹೇಳಿದರು?

ಶಿಕ್ಷಕಿ, ಗೋರೆಗಾಂವ್

ಡೊಂಬಿವಲಿಯವರ ಪತ್ರದ ಕೊನೆಯಲ್ಲಿ ಹತ್ತನೇ ತರಗತಿಯ ಮಗನಿದ್ದಾನೆ. ಅವನ ಬಗ್ಗೆ ಯಾರೂ ಮಾತಾಡಲಾರರು ಎಂದು ಗೊತ್ತಿದ್ದೇ ಬರೆಯುತ್ತಿದ್ದೇನೆ. ಕುಡಿತದ ಚಟಕ್ಕೆ ಬೀಳುವುದರಲ್ಲಿ ಸುಮಾರು ಅರ್ಧ ಪಾಲು ವಂಶದ್ದು ಎಂದು ಅವಳಿ ಮಕ್ಕಳ ಅಧ್ಯಯನಗಳು ಹೇಳುತ್ತವೆ. ಎಷ್ಟು ತಡವಾಗಿ ಮೊದಲ ಗುಟುಕೋ ಅಷ್ಟು ಒಳ್ಳೆಯದು. ಅಪ್ಪನ ಬಾಟಲಿ ತರಲು ಅವನನ್ನು ಅಂಗಡಿಗೆ ಕಳಿಸಬೇಡಿ.

ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿಮಾನಸ್ 14416ರಲ್ಲಿ ಕನ್ನಡದಲ್ಲೂ ಮಾತಾಡಬಹುದು. ವ್ಯಸನಮುಕ್ತಿ ಸಹಾಯವಾಣಿ 14446. ಆ ಮಾತ್ರೆ ಎಲ್ಲಿ ಸಿಗುತ್ತದೆ ಎಂದು ಕೇಳಿ ಬರೆದವರಿಗೂ ಇವೇ ನಂಬರು ಕೊಡುತ್ತಿದ್ದೇವೆ. – ಸಂ.