ರಕ್ತದಲ್ಲಿ ‘ಕಂಡುಬಂದಿಲ್ಲ’ ಅಂತ ಬಂದ ಮೇಲೂ ಸೂಜಿ ಬಯಾಪ್ಸಿ ಬೇಕಾ?

ಪ್ರಶ್ನೆ: ನಮಸ್ಕಾರ ಡಾಕ್ಟರೇ. ನಮ್ಮ ತಂದೆಗೆ ಶ್ವಾಸಕೋಶದ ಕ್ಯಾನ್ಸರ್. ಇಜಿಎಫ್‌ಆರ್ ಜೀನ್‌ನಲ್ಲಿ ಬದಲಾವಣೆ ಇದೆ ಅಂತ ಒಂದು ವರ್ಷದಿಂದ ಎರ್ಲೋಟಿನಿಬ್ ಮಾತ್ರೆ ತಗೊಳ್ಳುತ್ತಿದ್ದಾರೆ. ಈ ಸಲದ ಸ್ಕ್ಯಾನ್‌ನಲ್ಲಿ ಗಡ್ಡೆ ಮತ್ತೆ ಬೆಳೆದಿದೆ. ರಕ್ತದಲ್ಲೇ ಕ್ಯಾನ್ಸರ್ ಗಡ್ಡೆಯ ಡಿಎನ್‌ಎ ಹುಡುಕುವ ಲಿಕ್ವಿಡ್ ಬಯಾಪ್ಸಿ ಮಾಡಿಸಿದೆವು, ‘ಟಿ790ಎಂ ಕಂಡುಬಂದಿಲ್ಲ’ ಅಂತ ರಿಪೋರ್ಟ್ ಬಂತು. ಈಗ ಎದೆಗೆ ಸೂಜಿ ಹಾಕಿ ತುಣುಕು ತೆಗೆಯಬೇಕಂತೆ. ಅಪ್ಪ ಹೆದರಿದ್ದಾರೆ. ರಕ್ತದಲ್ಲೇ ಇಲ್ಲ ಅಂದ ಮೇಲೆ ಮತ್ತೆ ಯಾಕೆ? ಇನ್ನೊಂದು, ಉಳಿದ ರಕ್ತವನ್ನು ಸಂಶೋಧನೆಗೆ ಬಳಸಿ ಬೇರೆ ಲ್ಯಾಬ್‌ಗಳ ಜೊತೆ ಹಂಚಿಕೊಳ್ಳುತ್ತೇವೆ ಅಂತ ಒಪ್ಪಿಗೆ ಪತ್ರ ಕೊಟ್ಟಿದ್ದಾರೆ. ಸಹಿ ಹಾಕಬಹುದಾ?

ಉತ್ತರ: ನಾನು ಇಂಥ ರಿಪೋರ್ಟ್‌ಗಳನ್ನೇ ಬರೆಯುವ ಪೆಥಾಲಜಿಸ್ಟ್. ಟಿ790ಎಂ ಅಂದರೆ ಎರ್ಲೋಟಿನಿಬ್ ಕೆಲಸ ಮಾಡದಂತೆ ತಡೆಯುವ, ಅದೇ ಇಜಿಎಫ್‌ಆರ್ ಜೀನ್‌ನ ಇನ್ನೊಂದು ಬದಲಾವಣೆ. ನಿಮ್ಮ ರಿಪೋರ್ಟ್‌ನಲ್ಲಿರುವ ಪದ ನೋಡಿ: ‘ಕಂಡುಬಂದಿಲ್ಲ’. ‘ಇಲ್ಲ’ ಅಂತ ಬರೆದಿಲ್ಲ, ಅಲ್ವಾ? ಇವೆರಡೂ ಒಂದೇ ಅಲ್ಲ.

ಗಡ್ಡೆಯ ಜೀವಕೋಶಗಳು ಸಾಯುವಾಗ ಅವುಗಳ ಡಿಎನ್‌ಎ ಚೂರುಗಳು ರಕ್ತಕ್ಕೆ ಸೇರುತ್ತವೆ. ನಾವು ಹುಡುಕುವುದು ಅವನ್ನೇ. ಆದರೆ ರಕ್ತದಲ್ಲಿ ತೇಲುವ ಡಿಎನ್‌ಎ ಬಹುಪಾಲು ಆರೋಗ್ಯವಂತ ಕೋಶಗಳದ್ದು. ಗಡ್ಡೆಯದ್ದು ಕೆಲವೊಮ್ಮೆ ಸಾವಿರಕ್ಕೆ ಒಂದೂ ಇರುವುದಿಲ್ಲ. ಅದೂ ಜಾಸ್ತಿ ಹೊತ್ತು ಉಳಿಯುವುದಿಲ್ಲ, ಒಂದೆರಡು ಗಂಟೆಯೊಳಗೆ ಅರ್ಧ ಕರಗಿ ಹೋಗುತ್ತದೆ. ಕೆಲವು ಗಡ್ಡೆಗಳಂತೂ ರಕ್ತಕ್ಕೆ ಏನನ್ನೂ ಬಿಡುವುದಿಲ್ಲ ಅನ್ನುವಷ್ಟು ಕಡಿಮೆ ಬಿಡುತ್ತವೆ.

ಹಾಗಾಗಿ ಗಡ್ಡೆಯ ತುಣುಕಿನಲ್ಲಿ ಟಿ790ಎಂ ಇರುವ 10 ಜನರಲ್ಲಿ ಸುಮಾರು 3 ಜನರ ರಕ್ತದಲ್ಲಿ ಅದು ಸಿಗುವುದಿಲ್ಲ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2016ರಲ್ಲಿ ಇಜಿಎಫ್‌ಆರ್‌ಗೆ ಮೊದಲ ರಕ್ತ ಪರೀಕ್ಷೆ ಒಪ್ಪಿದಾಗಲೇ, ರಕ್ತದಲ್ಲಿ ಸಿಗದಿದ್ದರೆ ತುಣುಕು ತೆಗೆದು ನೋಡಿ ಅಂತ ಹೇಳಿತ್ತು. ಸಿಕ್ಕರೆ ತಂದೆಯವರಿಗೆ ಒಸಿಮರ್ಟಿನಿಬ್ ಅನ್ನುವ ಮಾತ್ರೆಯ ದಾರಿ ತೆರೆಯುತ್ತದೆ. ಇನ್ನೂ ಒಂದು ಕಾರಣ ಇದೆ. ಕೆಲವರಲ್ಲಿ ಗಡ್ಡೆ ತನ್ನ ಜಾತಿಯನ್ನೇ ಬದಲಾಯಿಸಿ ಸ್ಮಾಲ್ ಸೆಲ್ ಕ್ಯಾನ್ಸರ್ ಆಗಿರುತ್ತದೆ. ಆಗ ಚಿಕಿತ್ಸೆಯೇ ಬೇರೆ. ಅದನ್ನು ಖಚಿತವಾಗಿ ಹೇಳಲು ತುಣುಕನ್ನು ಮೈಕ್ರೋಸ್ಕೋಪಿನಲ್ಲಿ ನೋಡಲೇಬೇಕು.

ಇನ್ನು ಸಹಿಯ ವಿಷಯ. ನಾನಾದರೆ ಹಾಕುತ್ತೇನೆ. ಈ ವಿದ್ಯೆ ಒಬ್ಬರ ಲ್ಯಾಬಿನಲ್ಲಿ ಬೆಳೆಯುವಂಥದ್ದಲ್ಲ. ಆಸ್ಟ್ರೇಲಿಯಾದಲ್ಲಿ ಹಲವು ಆಸ್ಪತ್ರೆಗಳು ಸೇರಿ ಎರಡನೇ ಹಂತದ ದೊಡ್ಡಕರುಳಿನ ಕ್ಯಾನ್ಸರ್ ಇದ್ದ 455 ಜನರ ಮೇಲೆ ಡೈನಾಮಿಕ್ ಅನ್ನುವ ಅಧ್ಯಯನ ಮಾಡಿದವು. ಆಪರೇಷನ್ ಆದ ಮೇಲೆ ರಕ್ತದಲ್ಲಿ ಗಡ್ಡೆಯ ಡಿಎನ್‌ಎ ಉಳಿದವರಿಗೆ ಮಾತ್ರ ಕೀಮೋ ಕೊಟ್ಟರು. ಮಾಮೂಲಿ ಪದ್ಧತಿಯಲ್ಲಿ 100ಕ್ಕೆ 28 ಜನರಿಗೆ ಕೀಮೋ ಆಯಿತು, ರಕ್ತ ನೋಡಿ ನಿರ್ಧರಿಸಿದ ಗುಂಪಿನಲ್ಲಿ 15. ಎರಡು ವರ್ಷದ ನಂತರ ನೋಡಿದರೆ ಕ್ಯಾನ್ಸರ್ ಮರಳದೆ ಉಳಿದವರ ಪ್ರಮಾಣ ಎರಡೂ ಕಡೆ ಹೆಚ್ಚುಕಡಿಮೆ ಒಂದೇ. ಅಷ್ಟು ಜನ ಕೀಮೋದ ಕಷ್ಟದಿಂದ ಪಾರಾದರು. 2022ರಲ್ಲಿ ಈ ಫಲಿತಾಂಶ ಓದಿದ ದಿನ ನನಗಾದ ಸಂತೋಷ ಇನ್ನೂ ನೆನಪಿದೆ. ಅವರ ಹಿಂದೆ, ರಕ್ತ ಕೊಟ್ಟು ಸಹಿ ಹಾಕಿದ ಎಷ್ಟೋ ಜನ ಇದ್ದಾರೆ.

ಆದರೆ ಕೇಳಿ ತಿಳಿದುಕೊಂಡೇ ಹಾಕಿ. ಹೆಸರು ತೆಗೆದು ಬರೀ ಕೋಡ್ ಹಾಕುತ್ತಾರಾ? ಮುಂದೆ ಮನಸ್ಸು ಬದಲಾದರೆ ಹಿಂದೆ ಸರಿಯಬಹುದಾ? ಬೇಡ ಅಂದರೂ ಚಿಕಿತ್ಸೆ ಹಾಗೇ ನಡೆಯುತ್ತದಾ? ಮೂರಕ್ಕೂ ‘ಹೌದು’ ಅಂತ ಬರಬೇಕು.

ಅದೇ ಸದಸ್ಯರು: ತುಂಬಾ ಥ್ಯಾಂಕ್ಸ್ ಡಾಕ್ಟರೇ. ಒಂದು ಅನುಮಾನ. ಮನೆಗೇ ಬಂದು ನೇರಳೆ ಮುಚ್ಚಳದ ಟ್ಯೂಬಿನಲ್ಲಿ ರಕ್ತ ತಗೊಂಡು ಹೋದರು. ಲ್ಯಾಬ್ ತಲುಪಿದ್ದು ಮರುದಿನ. ಅದರಿಂದ ಏನಾದರೂ ಆಗಿರಬಹುದಾ?

ಉತ್ತರ: ಆಗಿರಬಹುದು, ಒಳ್ಳೆ ಪ್ರಶ್ನೆ. ಅದು ಸಾಮಾನ್ಯ ಇಡಿಟಿಎ ಟ್ಯೂಬ್. ಅದರಲ್ಲಿಟ್ಟರೆ ಕೆಲವೇ ಗಂಟೆಗಳಲ್ಲಿ ಪ್ಲಾಸ್ಮಾ, ಅಂದರೆ ರಕ್ತಕಣ ಬಿಟ್ಟು ಉಳಿಯುವ ದ್ರವ, ಬೇರ್ಪಡಿಸಬೇಕು. ತಡವಾದರೆ ಬಿಳಿ ರಕ್ತಕಣಗಳು ಒಡೆದು ಅವುಗಳ ಡಿಎನ್‌ಎ ಬೆರೆಯುತ್ತದೆ. ಮೊದಲೇ ಕಡಿಮೆ ಇರುವ ಗಡ್ಡೆಯ ಡಿಎನ್‌ಎ ಅದರಲ್ಲಿ ಮುಳುಗಿಹೋಗುತ್ತದೆ. ಕಣ ಒಡೆಯದಂತೆ ಕೆಲವು ದಿನ ಕಾಪಾಡುವ ಬೇರೆ ಟ್ಯೂಬ್‌ಗಳಿವೆ. ಯಾವ ಟ್ಯೂಬ್, ಎಷ್ಟು ಹೊತ್ತು, ರಿಪೋರ್ಟ್ ಹೇಗೆ ಬರೆಯಬೇಕು, ಇದರಲ್ಲಿ ಎಲ್ಲ ಲ್ಯಾಬ್‌ಗಳೂ ಒಂದೇ ನಿಯಮಕ್ಕೆ ಬರಲಿ ಅಂತಲೇ 2016ರಲ್ಲಿ ಅಮೆರಿಕದಲ್ಲಿ ಬ್ಲಡ್‌ಪ್ಯಾಕ್ ಒಕ್ಕೂಟ ಶುರುವಾಯಿತು. ನೋಡಲು ಸಣ್ಣ ವಿಷಯ. ಆದರೆ ಇದೊಂದು ಸರಿ ಇಲ್ಲದಿದ್ದರೆ ಒಂದು ಲ್ಯಾಬಿನ ಫಲಿತಾಂಶವನ್ನು ಇನ್ನೊಂದರ ಪಕ್ಕ ಇಡಲು ಆಗುವುದೇ ಇಲ್ಲ.

ರಕ್ತ ತೆಗೆದ ಸಮಯ, ಪ್ಲಾಸ್ಮಾ ಬೇರ್ಪಡಿಸಿದ ಸಮಯ ಎರಡನ್ನೂ ಲ್ಯಾಬಿನಲ್ಲಿ ಕೇಳಿ, ಬರೆದುಕೊಂಡು ನಿಮ್ಮ ಕ್ಯಾನ್ಸರ್ ವೈದ್ಯರಿಗೆ ತೋರಿಸಿ. ಮತ್ತೊಮ್ಮೆ ರಕ್ತ ಕಳಿಸುವುದಾ, ನೇರ ಬಯಾಪ್ಸಿಗೇ ಹೋಗುವುದಾ ಅಂತ ಅವರು ಹೇಳುತ್ತಾರೆ. ತಂದೆಯವರ ಗಡ್ಡೆ ಬೆಳೆಯುತ್ತಿದೆ, ಹಾಗಾಗಿ ಈ ವಾರವೇ ಕೇಳಿ. ಬಯಾಪ್ಸಿ ಅಂತಾದರೆ ಸೂಜಿ ಹಾಕುವ ಮೊದಲು ಅಲ್ಲಿ ಮರಗಟ್ಟುವ ಔಷಧ ಕೊಡುತ್ತಾರೆ ಅಂತ ಅವರಿಗೆ ಮುಂಚೆಯೇ ಹೇಳಿ.