ಅಪ್‌ಡೇಟ್: ಹೊಸ ಬ್ರೇಕ್ ಪ್ಯಾಡ್ ಹಾಕಿದಾಗಿನಿಂದ ಇ-ಸೈಕಲ್ ಡಿಸ್ಕಿಗೆ ಉಜ್ಜುತ್ತಿತ್ತಲ್ಲ, ಈಗ ಸರಿಹೋಯ್ತು

ಹೋದ ವಾರ ಕೇಳಿದ್ದೆನಲ್ಲ, ಹೈಡ್ರಾಲಿಕ್ (ದ್ರವದ ಒತ್ತಡದಲ್ಲಿ ಕೆಲಸ ಮಾಡುವ) ಬ್ರೇಕಿಗೆ ಹೊಸ ಪ್ಯಾಡ್, ಅಂದರೆ ಚಕ್ರದ ಡಿಸ್ಕನ್ನು ಎರಡೂ ಕಡೆ ಒತ್ತಿ ಹಿಡಿಯುವ ಬಿಲ್ಲೆ, ಹಾಕಿದರೆ ಮುಂದಿನ ಚಕ್ರ ತಿರುಗುತ್ತಲೇ ಇಲ್ಲ, ಜೊತೆಗೆ ಕಿರ್ರ್ ಅಂತ ಸದ್ದು ಅಂತ. ಎರಡೂ ಹೋಯ್ತು.

ನೀವೆಲ್ಲ ಕೊಟ್ಟ ಸಲಹೆಗಳಲ್ಲಿ ಕೆಲಸ ಮಾಡಿದ್ದು ಪಿಸ್ಟನ್ (ಪ್ಯಾಡನ್ನು ಡಿಸ್ಕಿನ ಕಡೆ ತಳ್ಳುವ ಭಾಗ) ಹಿಂದಕ್ಕೆ ತಳ್ಳುವುದು. ಪ್ಯಾಡ್ ಸವೆದಂತೆಲ್ಲ ಪಿಸ್ಟನ್ ಮುಂದೆ ಬಂದು ಅಲ್ಲೇ ನಿಂತಿರುತ್ತೆ, ದಪ್ಪ ಇರೋ ಹೊಸ ಪ್ಯಾಡಿಗೆ ಜಾಗವೇ ಇರಲ್ಲ. ಹಳೇ ಪ್ಯಾಡ್ ಒಳಗಿಟ್ಟುಕೊಂಡೇ ಪ್ಲಾಸ್ಟಿಕ್ ಟೈರ್ ಲಿವರಿನಿಂದ ನಿಧಾನಕ್ಕೆ ತಳ್ಳಿದೆ. ಸ್ಕ್ರೂಡ್ರೈವರ್ ಬೇಡ, ಪಿಸ್ಟನ್ ಸೆರಾಮಿಕ್ ಆಗಿದ್ದರೆ ಚೂರಾಗುತ್ತೆ. ಆಮೇಲೆ ಹೊಸ ಪ್ಯಾಡ್ ಹಾಕಿ, ಕ್ಯಾಲಿಪರಿನ (ಪ್ಯಾಡ್, ಪಿಸ್ಟನ್ ಕೂರುವ ಭಾಗ) ಎರಡು ಬೋಲ್ಟ್ ಸಡಿಲಿಸಿ, ಬ್ರೇಕ್ ಲಿವರ್ ಒತ್ತಿ ಹಿಡಿದೇ ಬಿಗಿ ಮಾಡಿದೆ. ಉಜ್ಜೋದು ನಿಂತಿತು.

ಸದ್ದಿಗೆ ಪ್ಯಾಡನ್ನು ಉಪ್ಪುಕಾಗದದಲ್ಲಿ ತಿಕ್ಕುವ ಸಲಹೆ ಒಂದೇ ದಿನ ನಡೆಯಿತು. ಚೈನ್ ಎಣ್ಣೆ ಪ್ಯಾಡಿನೊಳಗೆ ಇಳಿದಿತ್ತು, ಮತ್ತೊಂದು ಜೊತೆ ಕೊಳ್ಳಬೇಕಾಯ್ತು. ಡಿಸ್ಕನ್ನು ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಒರೆಸಿ, ಸುಮಾರು 20 ಕಿ.ಮೀ. ವೇಗದಿಂದ ನಡಿಗೆಯ ವೇಗಕ್ಕೆ, ಪೂರ್ತಿ ನಿಲ್ಲಿಸದೆ, 20 ಸಲ ಬ್ರೇಕ್ ಹಿಡಿದ ಮೇಲೆ ಹಿಡಿತ ಬಂತು. ಮೊದಲ ನಾಲ್ಕೈದು ಸಲ ಬ್ರೇಕೇ ಇಲ್ಲವೇನೋ ಅನ್ನಿಸುತ್ತೆ, ಖಾಲಿ ರಸ್ತೆಯಲ್ಲೇ ಮಾಡಿ.

ಗೊತ್ತಿಲ್ಲದೇ ಇದ್ದದ್ದು: ಡಿಸ್ಕಿನ ಮೇಲೆ ‘ರೆಸಿನ್ ಪ್ಯಾಡ್ ಮಾತ್ರ’ (ರೆಸಿನ್ ಅಂದರೆ ರಾಳದಲ್ಲಿ ಅಂಟಿಸಿದ ಮೆತ್ತನೆಯ ಪ್ಯಾಡ್) ಅಂತ ಕೆತ್ತಿದ್ದರೆ ಲೋಹದ ಪ್ಯಾಡ್ ಹಾಕಬಾರದು, ಡಿಸ್ಕೇ ಬೇಗ ಸವೆಯುತ್ತೆ. ನನ್ನದರಲ್ಲಿ ಹಾಗೇ ಬರೆದಿತ್ತು. ಇನ್ನೊಂದು, ಚಕ್ರ ಬಿಚ್ಚಿದಾಗ ಬ್ರೇಕ್ ಲಿವರ್ ಒತ್ತಬೇಡಿ. ಬ್ಯಾಟರಿಯನ್ನೂ ಮೊದಲೇ ತೆಗೆದಿಡಿ.